‘ಹೋಗ್ಲಾ? ಬೇಡ್ವಾ?’ ಎಂಬ ಪ್ರಶ್ನೆ ಒಂದು ಇಂಗ್ಲಿಷ್ ಪದವಾದ ಕಥೆ

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಓದುಗರ ಮುಂದೆ ಆಡಿದ ಮಾತುಗಳ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದ್ದಳು. ಹಾಸನದ ಹತ್ತಿರದ ಹೈಸ್ಕೂಲಿನಲ್ಲಿ ನನ್ನ ಬಳಿ ಇಂಗ್ಲಿಷ್ ಕಲಿತವಳು. ಈಗ ಬೆಂಗಳೂರಿನಲ್ಲಿ ಕೆಲಸ. ಅವಳ ಆಫೀಸಿಗೆ ಲಂಡನ್ನಿನಿಂದ ಒಂದು ಇಮೇಲ್ ಬಂದಿತ್ತಂತೆ. ‘ಇನ್ನು ಶಿಲ್ಲಿ-ಶ್ಯಾಲಿ ಮಾಡುವುದು ಬೇಡ, ಈ ವಾರವೇ ತೀರ್ಮಾನ ಆಗಲಿ’ ಅಂತ ಅದರಲ್ಲಿ ಬರೆದಿತ್ತು. ‘ಮೇಡಂ, ಅರ್ಥ ಏನೋ ಊಹೆ ಆಯ್ತು. ಆದ್ರೆ ಈ ಶಿಲ್ಲಿ ಯಾರು, ಶ್ಯಾಲಿ ಯಾರು?’ ಅಂತ ಕೇಳಿದಳು.

ಒಳ್ಳೆಯ ಪ್ರಶ್ನೆ. ಮೂವತ್ತು ವರ್ಷ ಪಾಠ ಮಾಡಿದ ನನಗೆ ಕ್ಲಾಸಿನಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಅವಳಿಗೆ ಫೋನಿನಲ್ಲಿ ಎರಡು ನಿಮಿಷ ಹೇಳಿದೆ. ಸಮಾಧಾನ ಆಗಲಿಲ್ಲ. ಅವಳಿಗಲ್ಲ, ನನಗೆ. ಇಷ್ಟು ಚೆಂದದ ಪದದ ಬಗ್ಗೆ ಎರಡು ನಿಮಿಷ ಸಾಲದು ಅನಿಸಿತು. ಅದಕ್ಕೇ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ.

ಮೊದಲು ಅರ್ಥ. ಮಾಡಬೇಕೋ ಬೇಡವೋ ಅಂತ ತೀರ್ಮಾನಕ್ಕೆ ಬರದೆ ಕಾಲ ತಳ್ಳುವುದು, ಇದೇ ಶಿಲ್ಲಿ-ಶ್ಯಾಲಿ. ನಾವು ‘ಮೀನ ಮೇಷ ಎಣಿಸೋದು’ ಅಂತೀವಲ್ಲ, ಹೆಚ್ಚು ಕಡಿಮೆ ಅದೇ. ಇದರ ಪಕ್ಕದ ಮನೆಯಲ್ಲೇ ‘ಡಿಲ್ಲಿ-ಡ್ಯಾಲಿ’ ಅನ್ನುವ ಇನ್ನೊಂದು ಪದ ಇದೆ. ತುಂಬಾ ಜನ ಎರಡೂ ಒಂದೇ ಅಂದುಕೊಳ್ಳುತ್ತಾರೆ. ಒಂದೇ ಅಲ್ಲ. ಡಿಲ್ಲಿ-ಡ್ಯಾಲಿ ಮಾಡುವವನು ದಾರಿಯಲ್ಲಿ ಸುಮ್ನೆ ಹೊತ್ತು ಕಳೆಯುತ್ತಿರುತ್ತಾನೆ. ‘ಡ್ಯಾಲಿ’ ಹಳೆಯ ಫ್ರೆಂಚಿನಿಂದ ಬಂದದ್ದು. ಅಲ್ಲಿ ಹರಟೆ ಹೊಡೆಯುವುದು ಅಂತ ಅರ್ಥ. ಎಲ್ಲಿಗೆ ಹೋಗಬೇಕು ಅಂತ ಅವನಿಗೆ ಗೊತ್ತು, ಹೋಗುವುದು ತಡ, ಅಷ್ಟೆ. ಶಿಲ್ಲಿ-ಶ್ಯಾಲಿ ಮಾಡುವವನಿಗೆ ಹೋಗಬೇಕೋ ಬೇಡವೋ ಅನ್ನುವುದೇ ಗೊತ್ತಿಲ್ಲ.

ಮನಸ್ಸು ಗಟ್ಟಿಯಾಗದಿರುವುದಕ್ಕೆ ಇಂಗ್ಲಿಷಿನಲ್ಲಿ ಪದಗಳಿಗೆ ಬರವಿಲ್ಲ. ‘ವ್ಯಾಸಿಲೇಟ್’ ಲ್ಯಾಟಿನ್ನಿನಿಂದ ಬಂತು, ಮೂಲದಲ್ಲಿ ಓಲಾಡುವುದು. ‘ಹೆಸಿಟೇಟ್’ ಕೂಡ ಲ್ಯಾಟಿನ್ನೇ, ಅಂಟಿಕೊಂಡು ನಿಲ್ಲುವುದು. ‘ಡಿದರ್’ ಅಂದರೆ ಮೊದಲು ನಡುಗುವುದು ಅಂತ ಇತ್ತು, ಚಳಿಗೆ ನಡುಗಿದ ಹಾಗೆ. ಮನಸ್ಸಿನ ಅರ್ಥ ಅದಕ್ಕೆ ಬಹಳ ತಡವಾಗಿ ಬಂತು. ಇವೆಲ್ಲ ಮೈಯ ಪದಗಳು. ಒಬ್ಬ ಓಲಾಡುತ್ತಾನೆ, ಒಬ್ಬ ಅಂಟಿ ನಿಲ್ಲುತ್ತಾನೆ, ಒಬ್ಬ ನಡುಗುತ್ತಾನೆ. ದೂರದಲ್ಲಿ ನಿಂತು ನೋಡಿದವರು ಇಟ್ಟ ಹೆಸರುಗಳು. ನಮ್ಮ ಹೊಯ್ದಾಟ, ತೊಳಲಾಟ, ಹಿಂದೇಟು ಕೂಡ ಹಾಗೇ ಅಲ್ವಾ? ಎಲ್ಲದರಲ್ಲೂ ಮೈ ಅಲುಗಾಡುತ್ತಿದೆ.

ಶಿಲ್ಲಿ-ಶ್ಯಾಲಿ ಈ ಸಾಲಿಗೆ ಸೇರುವುದಿಲ್ಲ. ಇದರಲ್ಲಿ ಮೈ ಇಲ್ಲ, ದನಿ ಇದೆ. ಆ ಮನುಷ್ಯನ ಬಾಯಿಂದಲೇ ಬಂದ ಮಾತು ಇದು. ‘ಶ್ಯಾಲ್ ಐ? ಶ್ಯಾಲ್ ಐ?’ ಅಂತ ಅವನು ತನ್ನನ್ನೇ ಎರಡು ಸಲ ಕೇಳಿಕೊಂಡ. ಕೇಳಿದವರು ಅದನ್ನೇ ಹಿಡಿದು ಪದ ಮಾಡಿದರು. ಶಿಲ್ಲಿಯೂ ಯಾರೂ ಅಲ್ಲ, ಶ್ಯಾಲಿಯೂ ಯಾರೂ ಅಲ್ಲ. ಎರಡೂ ಒಂದೇ ಪ್ರಶ್ನೆ.

ನನ್ನ ವಿದ್ಯಾರ್ಥಿನಿಗೆ ಇದನ್ನು ಹೇಳಿದಾಗ ಅವಳು ಥಟ್ಟನೆ ಅಂದಳು: ‘ಅಯ್ಯೋ, ನಮ್ಮ ಹೋಗ್ಲಾ ಬೇಡ್ವಾ!’ ಹೌದು, ಅದೇ. ಇಂಗ್ಲಿಷಿನ ‘ಶ್ಯಾಲ್ ಐ ಗೋ’ ಅನ್ನುವ ಮೂರು ಪದ ನಮಗೆ ಒಂದೇ ಪದದಲ್ಲಿ ಮುಗಿಯುತ್ತದೆ. ಹೋಗಲಾ? ಬರಲಾ? ಮಾಡಲಾ? ಇಂಗ್ಲಿಷ್ ಕಲಿಸುವಾಗ ಬೇರೆಲ್ಲ ಕಡೆ ಒದ್ದಾಡಿದ ಮಕ್ಕಳು ಇಲ್ಲಿ ಮಾತ್ರ ಒದ್ದಾಡುತ್ತಿರಲಿಲ್ಲ. ಅವರ ಬಾಯಲ್ಲಿ ಅದು ಆಗಲೇ ಇತ್ತು.

ಈಗ 1700ನೇ ಇಸವಿಯ ಲಂಡನ್ನಿಗೆ ಹೋಗೋಣ.

ಲಿಂಕನ್ಸ್ ಇನ್ ಫೀಲ್ಡ್ಸ್ ಅನ್ನುವ ಜಾಗದಲ್ಲಿ ಒಂದು ರಂಗಮಂದಿರ ಇತ್ತು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಅಲ್ಲಿ ವಿಲಿಯಂ ಕಾಂಗ್ರೀವ್ ಬರೆದ ‘ದ ವೇ ಆಫ್ ದ ವರ್ಲ್ಡ್’ ನಾಟಕ ಮೊದಲ ಸಲ ರಂಗಕ್ಕೆ ಬಂತು. ಕಾಂಗ್ರೀವನಿಗೆ ಆಗ ಮೂವತ್ತು ವರ್ಷ. ನಾಟಕಕ್ಕೆ ಆಗ ಅಷ್ಟೇನೂ ಮೆಚ್ಚುಗೆ ಸಿಗಲಿಲ್ಲ. ಇವತ್ತು ಇಂಗ್ಲಿಷಿನ ಅತ್ಯಂತ ಒಳ್ಳೆಯ ಹಾಸ್ಯ ನಾಟಕಗಳಲ್ಲಿ ಅದನ್ನೂ ಎಣಿಸುತ್ತಾರೆ. ನಮಗೆ ಬೇಕಾಗಿರುವುದು ಅದರ ಒಂದು ಪಾತ್ರ, ಸರ್ ವಿಲ್ಫುಲ್ ವಿಟ್‌ವುಡ್.

ಸರ್ ವಿಲ್ಫುಲ್ ಹಳ್ಳಿಯ ಜಮೀನ್ದಾರ. ಊರು ಶ್ರಾಪ್‌ಷೈರ್ ಕಡೆ. ನಲವತ್ತು ದಾಟಿದೆ. ಆ ಕಾಲದಲ್ಲಿ ಶ್ರೀಮಂತರ ಮನೆಯ ಹುಡುಗರು ಇಪ್ಪತ್ತರ ಹರೆಯದಲ್ಲಿ ಫ್ರಾನ್ಸ್, ಇಟಲಿ ಸುತ್ತಿ ಬರುತ್ತಿದ್ದರು. ಇವನಿಗೆ ಆ ಆಸೆ ನಲವತ್ತು ದಾಟಿದ ಮೇಲೆ ಹುಟ್ಟಿದೆ. ಹೊರಡುವ ಮೊದಲು ಲಂಡನ್ನಿನಲ್ಲಿರುವ ಅತ್ತೆಯ ಮನೆಗೆ ಬಂದಿದ್ದಾನೆ. ಕುದುರೆ ಸವಾರಿಯ ಬಟ್ಟೆಯಲ್ಲೇ ಒಳಗೆ ಬರುತ್ತಾನೆ. ಕಾಲಿಗೆ ಇನ್ನೂ ಬೂಟು. ಅಲ್ಲಿ ಅವನ ಮಲತಮ್ಮ ಇದ್ದಾನೆ, ಪೇಟೆಯಲ್ಲಿ ನೆಲೆಸಿ ಫ್ಯಾಷನ್ ಕಲಿತವನು. ಅಣ್ಣನನ್ನು ನೋಡಿಯೂ ನೋಡದವನ ಹಾಗೆ ನಿಲ್ಲುತ್ತಾನೆ. ಪಟ್ಟಣದಲ್ಲಿ ನೆಂಟರನ್ನು ಗುರುತಿಸುವುದು ಈಗಿನ ರೂಢಿಯಲ್ಲ ಅಂತ ಅವನೇ ಬಾಯಿಬಿಟ್ಟು ಹೇಳುತ್ತಾನೆ. ಈ ಜಾಗ ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಹಳ್ಳಿಯಿಂದ ಬಂದ ಅಣ್ಣನನ್ನು ಬಾಗಿಲಲ್ಲಿ ಕಂಡು ಮುಖ ತಿರುಗಿಸುವ ತಮ್ಮಂದಿರು ಎಲ್ಲ ಊರಲ್ಲೂ ಇದ್ದಾರೆ.

ಮಾತು ಪ್ರಯಾಣದ ಕಡೆ ತಿರುಗುತ್ತದೆ. ‘ಶಾಂತಿ ಹೀಗೇ ಉಳಿದು, ತೆರಿಗೆ ಇಳಿದರೆ’ ಪರದೇಶ ನೋಡಬೇಕು ಅಂತಿದ್ದೇನೆ ಅನ್ನುತ್ತಾನೆ. ಇದು ಸುಮ್ನೆ ಹೇಳಿದ ಮಾತಲ್ಲ. ಫ್ರಾನ್ಸಿನ ಜೊತೆ ಒಂಬತ್ತು ವರ್ಷ ನಡೆದ ಯುದ್ಧ 1697ರಲ್ಲಷ್ಟೇ ಮುಗಿದಿತ್ತು. ಆ ಶಾಂತಿ ಬಹಳ ದಿನ ಉಳಿಯಲೂ ಇಲ್ಲ. 1702ರಲ್ಲಿ ಇಂಗ್ಲೆಂಡ್ ಮತ್ತೆ ಯುದ್ಧಕ್ಕೆ ಇಳಿಯಿತು. ನಾಟಕ ನೋಡಲು ಕೂತವರಿಗೆ ಅವನ ಅನುಮಾನ ಚೆನ್ನಾಗಿಯೇ ಅರ್ಥವಾಗಿರಬೇಕು. ಹೋಗಲೋ ಬೇಡವೋ ಅನ್ನುವುದಕ್ಕೆ ಅವನ ಹತ್ತಿರ ಕಾರಣ ಇತ್ತು.

ಅಲ್ಲಿದ್ದ ಮಿಸೆಸ್ ಮಾರ್ವುಡ್ ಅನ್ನುವ ಹೆಂಗಸು ಕೇಳುತ್ತಾಳೆ, ‘ನೀವು ಏನಾದರಾಗಲಿ ಫ್ರಾನ್ಸಿಗೆ ಹೋಗಿಯೇ ಹೋಗುತ್ತೀರಿ ಅಂದುಕೊಂಡಿದ್ದೆ.’ ಅದಕ್ಕೆ ಅವನು ಕೊಟ್ಟ ಉತ್ತರವನ್ನು ಕನ್ನಡದಲ್ಲಿ ಹೇಳುತ್ತೇನೆ:

‘ಅದು ಹೇಳಕ್ಕಾಗಲ್ಲ. ಹೋದರೂ ಹೋದೆ, ಹೋಗದಿದ್ದರೂ ಹೋಗದೆ ಇದ್ದೆ. ತೀರ್ಮಾನ ಮಾಡೋದರಲ್ಲಿ ನಾನು ಸ್ವಲ್ಪ ನಾಜೂಕು. ಯಾಕಂದರೆ ಮಾಡಿದೆ ಅಂದರೆ ಉಳಿಸಿಕೊಳ್ತೇನೆ. ಆಮೇಲೆ ಶಿಲ್ ಐ, ಶ್ಯಾಲ್ ಐ ಅಂತ ನಿಂತುಕೊಳ್ಳೋನಲ್ಲ. ಹೇಳಿದೆ ಅಂದರೆ ಮಾಡಿದೆ.’

ಈ ಪದದ ಚರಿತ್ರೆ ಹೇಳುವವರೆಲ್ಲ ಬೊಟ್ಟು ಮಾಡಿ ತೋರಿಸುವ ಮಾತು ಇದೇ. ಗಮನಿಸಿ, ಇಲ್ಲಿ ಅದು ಇನ್ನೂ ಒಂದು ಪದ ಆಗಿಲ್ಲ. ‘ಶಿಲ್ ಐ, ಶ್ಯಾಲ್ ಐ’ ಅಂತ ಎರಡು ತುಂಡಾಗಿಯೇ ಇದೆ, ‘ಐ’ ಎರಡೂ ಕಡೆ ಕೇಳಿಸುತ್ತದೆ. ಆದರೆ ‘ಶಿಲ್’ ಅನ್ನುವ ಸಹಾಯಕ ಕ್ರಿಯಾಪದ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ. ಮೊದಲನೆಯ ‘ಶ್ಯಾಲ್’ ನಾಲಿಗೆಯ ಮೇಲೆ ಆಗಲೇ ಸವೆಯುತ್ತಿದೆ. ಕೆಲವೇ ವರ್ಷಗಳಲ್ಲಿ ‘ಐ’ ಎರಡೂ ಕರಗಿ ಶಿಲ್ಲಿ-ಶ್ಯಾಲಿ ಅಂತ ಒಂದೇ ಪದ ಆಯಿತು. ಅದೇ ಶತಮಾನ ಮುಗಿಯುವ ಮೊದಲು ಕ್ರಿಯಾಪದವೂ ಆಯಿತು.

ಇನ್ನೊಂದು ವಿಷಯ. ಅವನು ‘ನಿಂತುಕೊಳ್ಳೋನಲ್ಲ’ ಅನ್ನುತ್ತಾನೆ. ಮೊದಮೊದಲು ಈ ಮಾತು ‘ನಿಲ್ಲು’ ಅನ್ನುವ ಕ್ರಿಯಾಪದದ ಜೊತೆಯಲ್ಲೇ ಬರುತ್ತಿತ್ತು. ಶಿಲ್ಲಿ-ಶ್ಯಾಲಿ ಅಂತ ನಿಲ್ಲುವುದು. ನನಗೆ ಇದನ್ನು ಓದಿದಾಗ ನಮ್ಮ ಅಜ್ಜಿ ನೆನಪಾದರು. ನಾನು ಚಿಕ್ಕವಳಿದ್ದಾಗ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ಯೋಚನೆ ಮಾಡುತ್ತಿದ್ದೆ. ‘ಹೊಸಿಲ ಮೇಲೆ ನಿಲ್ಲಬೇಡ ಕಣೇ. ಹೋಗೋದಾದ್ರೆ ಹೋಗು, ಬರೋದಾದ್ರೆ ಬಾ’ ಅನ್ನುತ್ತಿದ್ದರು. ಅವರಿಗೆ ಇಂಗ್ಲಿಷಿನ ಒಂದಕ್ಷರವೂ ಗೊತ್ತಿರಲಿಲ್ಲ.

ಈಗ ಸರ್ ವಿಲ್ಫುಲ್‌ನ ಮಾತಿಗೆ ಮತ್ತೆ ಬರೋಣ. ‘ನಾನು ಶಿಲ್ ಐ ಶ್ಯಾಲ್ ಐ ಅನ್ನೋನಲ್ಲ’ ಅನ್ನುವ ಮನುಷ್ಯ ಅದಕ್ಕೆ ಎರಡೇ ಉಸಿರು ಮುಂಚೆ ‘ಹೋದರೂ ಹೋದೆ, ಹೋಗದಿದ್ದರೂ ಇದ್ದೆ’ ಅಂದಿದ್ದಾನೆ. ರಂಗದ ಮೇಲೆ ಇಲ್ಲಿ ಜನ ನಗುತ್ತಾರೆ. ನಾನೂ ಮೊದಲು ಓದಿದಾಗ ನಕ್ಕಿದ್ದೆ. ಇನ್ನೊಮ್ಮೆ ಓದಿದಾಗ ‘ಆಮೇಲೆ’ ಅನ್ನುವ ಪದ ಕಣ್ಣಿಗೆ ಬಿತ್ತು. ತೀರ್ಮಾನಕ್ಕೆ ಮೊದಲು ನಾನು ಅನುಮಾನಿಸುತ್ತೇನೆ, ತೀರ್ಮಾನ ಆದ ಮೇಲೆ ಅನುಮಾನಿಸುವುದಿಲ್ಲ ಅಂತ ಅವನು ಹೇಳುತ್ತಿದ್ದಾನೆ. ಇದರಲ್ಲಿ ನಗುವಂಥದ್ದು ಏನಿದೆ? ಕೊಟ್ಟ ಮಾತು ಉಳಿಸಿಕೊಳ್ಳುವವನಿಗೆ ಮಾತು ಕೊಡುವಾಗ ಭಯ ಜಾಸ್ತಿ. ಮಾತು ಮುರಿಯುವುದಕ್ಕೆ ಹೇಸದವನು ಎಷ್ಟು ಬೇಗ ಬೇಕಾದರೂ ತೀರ್ಮಾನ ಹೇಳಬಲ್ಲ. ಆ ನಾಟಕದಲ್ಲಿ ಥಟ್ಟನೆ ಮಾತು ಕೊಡುವ ಪೇಟೆಯ ಜನರೆಲ್ಲ ಒಬ್ಬರಿಗೊಬ್ಬರು ಮೋಸ ಮಾಡುತ್ತಿರುತ್ತಾರೆ.

ಹಾಗಂತ ಅವನು ಎಲ್ಲ ಕಡೆ ಗಟ್ಟಿಗ ಅಂತ ನಾನು ಹೇಳುತ್ತಿಲ್ಲ. ಮುಂದಿನ ಅಂಕದಲ್ಲಿ ಮಿಲಮಂಟ್ ಅನ್ನುವ ಚೆಲುವೆಯ ಮುಂದೆ ಅವನನ್ನು ನಿಲ್ಲಿಸುತ್ತಾರೆ. ಮದುವೆಯ ಮಾತು ಆಡು ಅಂತ ಅತ್ತೆಯ ಆಜ್ಞೆ. ಒಂದೆರಡು ಬಾಟಲಿ ಹೊಟ್ಟೆಗೆ ಬಿದ್ದಿದ್ದರೆ ಧೈರ್ಯ ಬರುತ್ತಿತ್ತು ಅನ್ನುತ್ತಾನೆ. ಇನ್ನೂ ಸ್ವಲ್ಪ ಪರಿಚಯ ಆಗಲಿ, ಆಮೇಲೆ ನೋಡೋಣ, ಈಗ ಹೊರಡುತ್ತೇನೆ ಅನ್ನುತ್ತಾನೆ. ಕರೆದುಕೊಂಡು ಬಂದ ಹೆಂಗಸು ಹೊರಗಿನಿಂದ ಬಾಗಿಲು ಹಾಕಿ ಬೀಗ ಜಡಿಯುತ್ತಾಳೆ. ಆಗ ಅವನ ಬಾಯಿಂದ ಬರುವ ಮಾತು, ‘ಅಯ್ಯೋ, ನನ್ನ ಕೈಗವಸು ಮರೆತು ಬಂದೆ!’ ಮುನ್ನೂರು ವರ್ಷ ಹಳೆಯ ಈ ನೆಪ ಎಷ್ಟು ಹೊಸದಾಗಿ ಕೇಳಿಸುತ್ತದೆ ನೋಡಿ.

ಐವತ್ತೈದು ವರ್ಷದ ನಂತರ, 1755ರಲ್ಲಿ, ಡಾಕ್ಟರ್ ಸ್ಯಾಮ್ಯುಯೆಲ್ ಜಾನ್ಸನ್ ಅವರ ದೊಡ್ಡ ಇಂಗ್ಲಿಷ್ ನಿಘಂಟು ಬಂತು. ಮೂರು ವರ್ಷದಲ್ಲಿ ಮುಗಿಸುತ್ತೇನೆ ಅಂದುಕೊಂಡು ಹೊರಟ ಕೆಲಸಕ್ಕೆ ಒಂಬತ್ತು ವರ್ಷ ಹಿಡಿದಿತ್ತು. ಜಾನ್ಸನ್ ಅವರು ಈ ಮಾತನ್ನು ‘ಶಿಲ್-ಐ-ಶ್ಯಾಲ್-ಐ’ ಅಂತಲೇ ದಾಖಲಿಸಿ, ಸರ್ ವಿಲ್ಫುಲ್‌ನ ಮಾತನ್ನೇ ಉದಾಹರಣೆ ಕೊಟ್ಟರು. ‘ಶ್ಯಾಲ್ ಐ’ ಅನ್ನುವುದು ಕೆಟ್ಟು ಜೋಡಿಯಾದ ರೂಪ ಅಂದರು. ಆಮೇಲೆ ಒಂದು ಸಣ್ಣ ವಿವರಣೆ ಸೇರಿಸಿದರು: ಅನುಮಾನಿಸುತ್ತಿರುವ ಮನುಷ್ಯನ ಪ್ರಶ್ನೆ. ನನಗೆ ಈ ವಿವರಣೆ ತುಂಬಾ ಇಷ್ಟ. ದಡ್ಡ, ಹೇಡಿ, ಸೋಮಾರಿ ಅಂತ ಏನೂ ಅನ್ನಲಿಲ್ಲ. ಮನುಷ್ಯನ ಪ್ರಶ್ನೆ ಅಂದರು.

ಸರಿ, ಪ್ರಶ್ನೆ ‘ಶ್ಯಾಲ್ ಐ’ ಆಗಿದ್ದರೆ ಮೊದಲಲ್ಲಿ ‘ಶಿಲ್’ ಯಾಕೆ ಬಂತು?

ಇದು ಇಂಗ್ಲಿಷ್ ನಾಲಿಗೆಯ ಹಳೆಯ ಅಭ್ಯಾಸ. ಒಂದೇ ಪದವನ್ನು ಎರಡು ಸಲ ಹೇಳುವಾಗ ನಡುವಿನ ಸ್ವರ ಬದಲಾಗುತ್ತದೆ. ಮೊದಲು ‘ಇ’, ಆಮೇಲೆ ‘ಆ’ ಅಥವಾ ‘ಆ್ಯ’ ಅಥವಾ ‘ಒ’. ಜಿಗ್-ಜ್ಯಾಗ್, ಚಿಟ್-ಚಾಟ್, ಟಿಕ್-ಟಾಕ್, ಡಿಂಗ್-ಡಾಂಗ್, ಪಿಂಗ್-ಪಾಂಗ್. ತಿರುಗಿಸಿ ಹೇಳಿ ನೋಡಿ. ಟಾಕ್-ಟಿಕ್. ಜ್ಯಾಗ್-ಜಿಗ್. ಇಂಗ್ಲಿಷ್ ಮಾತಾಡುವ ಮಗು ಕೂಡ ಹಾಗೆ ಹೇಳುವುದಿಲ್ಲ. ಯಾರೂ ಕಲಿಸಿದ ನಿಯಮ ಅಲ್ಲ ಇದು, ಕಿವಿಯಿಂದ ಬಂದದ್ದು. ‘ಇ’ ಅನ್ನುವಾಗ ಬಾಯಿ ಕಿರಿದು, ‘ಆ’ ಅನ್ನುವಾಗ ತೆರೆಯುತ್ತದೆ. ಕಿರಿದರಿಂದ ಅಗಲಕ್ಕೆ ಹೋಗುವ ನಡಿಗೆ.

ಈ ಜೋಡಿಗಳನ್ನು ಬಿಚ್ಚಿ ನೋಡಿದರೆ ಇನ್ನೊಂದು ಚಂದ ಕಾಣುತ್ತದೆ. ಚಿಟ್-ಚಾಟ್‌ನಲ್ಲಿ ನಿಜವಾದ ಪದ ‘ಚಾಟ್’. ಡಿಲ್ಲಿ-ಡ್ಯಾಲಿಯಲ್ಲಿ ನಿಜವಾದ ಪದ ‘ಡ್ಯಾಲಿ’. ವಿಶಿ-ವಾಶಿ ಅಂದರೆ ಸಪ್ಪೆ, ಗಟ್ಟಿತನ ಇಲ್ಲದ್ದು. ಅದರಲ್ಲಿ ನಿಜವಾದ ಪದ ‘ವಾಶಿ’, ನೀರುನೀರಾದದ್ದು. ಕ್ರಿಸ್-ಕ್ರಾಸ್ ಕೂಡ ‘ಕ್ರೈಸ್ಟ್ಸ್ ಕ್ರಾಸ್’ ಅನ್ನುವುದು ಸವೆದು ಬಂದದ್ದು, ಈಗ ಅದೂ ಈ ಸಾಲಿನಲ್ಲೇ ಬಂದು ಕೂತಿದೆ. ನಿಜವಾದ ಪದ ಹೆಚ್ಚಾಗಿ ಎರಡನೆಯದು. ಮೊದಲನೆಯದು ಅದರ ನೆರಳು. ಇಂಗ್ಲಿಷಿನಲ್ಲಿ ನೆರಳು ಮುಂದೆ ನಡೆಯುತ್ತದೆ.

ನಾವು ಏನು ಮಾಡುತ್ತೇವೆ? ಊಟ-ಗೀಟ. ಮನೆ-ಗಿನೆ. ಪುಸ್ತಕ-ಗಿಸ್ತಕ. ಹಾವು-ಗೀವು. ನಮ್ಮಲ್ಲಿ ನಿಜವಾದ ಪದ ಮೊದಲು, ನೆರಳು ಹಿಂದೆ. ಆ ನೆರಳಿನಲ್ಲಿ ಇರುವ ಸ್ವರ ಯಾವುದು? ಅದೇ ‘ಇ’! ಇಂಗ್ಲಿಷಿನವರು ಮೊದಲು ಇಟ್ಟ ‘ಇ’ಯನ್ನು ನಾವು ಹಿಂದೆ ಇಟ್ಟುಕೊಂಡಿದ್ದೇವೆ. ಎರಡು ಭಾಷೆಗೂ ಇಲ್ಲಿ ಕೊಟ್ಟು ತಂದ ಸಂಬಂಧ ಏನಿಲ್ಲ. ಎರಡು ಊರಲ್ಲಿ ಬೇರೆ ಬೇರೆಯಾಗಿ ಹುಟ್ಟಿದ ಆಟ. ಕ್ಲಾಸಿನಲ್ಲಿ ಇದನ್ನು ಹೇಳಿದರೆ ಮಕ್ಕಳು ಅರ್ಧ ಗಂಟೆ ಬಿಡದೆ ಜೋಡಿ ಪದಗಳನ್ನು ಹುಡುಕುತ್ತಿದ್ದರು. ಗಲಾಟೆ ಆಗುತ್ತಿತ್ತು, ಆಗಲಿ ಅಂತ ಬಿಡುತ್ತಿದ್ದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ ವಿಷಯ. ‘ಶ್ಯಾಲ್’.

ಆ ಮನುಷ್ಯ ‘ವಿಲ್ ಐ? ವಿಲ್ ಐ?’ ಅಂತ ಯಾಕೆ ಕೇಳಲಿಲ್ಲ? ನೀವು ಶಾಲೆಯಲ್ಲಿ ಉರು ಹೊಡೆದದ್ದು ನೆನಪಿರಬಹುದು. ‘ಐ’ ಮತ್ತು ‘ವಿ’ಗೆ ಶ್ಯಾಲ್, ಮಿಕ್ಕಿದ್ದಕ್ಕೆಲ್ಲ ವಿಲ್. ಮಾತು ಕೊಡುವಾಗ, ಆಜ್ಞೆ ಮಾಡುವಾಗ ಇದು ತಲೆಕೆಳಗು. ಈ ನಿಯಮವನ್ನು ಪುಸ್ತಕದಲ್ಲಿ ಬರೆದಿಟ್ಟವರು ಜಾನ್ ವಾಲಿಸ್. 1653ರಲ್ಲಿ, ಲ್ಯಾಟಿನ್ನಿನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ. ಅವರು ಗಣಿತಜ್ಞ. ಗಣಿತದಲ್ಲಿ ಅನಂತಕ್ಕೆ ಮಲಗಿದ ಎಂಟರ ಹಾಗೆ ಒಂದು ಗುರುತು ಹಾಕುತ್ತೀವಲ್ಲ, ಅದನ್ನೂ ಬಳಕೆಗೆ ತಂದವರು ಅವರೇ, ಎರಡು ವರ್ಷದ ನಂತರ. ನಾನೂ ಈ ನಿಯಮವನ್ನು ನೂರಾರು ಮಕ್ಕಳಿಗೆ ಉರು ಹೊಡೆಸಿದ್ದೇನೆ. ಆದರೆ ಶ್ಯಾಲ್‌ನ ಒಳಗುಟ್ಟು ಈ ನಿಯಮದಲ್ಲಿ ಇಲ್ಲ. ಇನ್ನೂ ಹಿಂದೆ ಹೋಗಬೇಕು.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಪದದ ಅರ್ಥ ‘ಸಾಲ ಇದೆ’, ‘ಕೊಡಬೇಕು’. ಬೈಬಲಿನ ಹಳೆಯ ಇಂಗ್ಲಿಷ್ ಅನುವಾದದಲ್ಲಿ ಒಂದು ಜಾಗ ಇದೆ. ಲೂಕನ ಸುವಾರ್ತೆಯಲ್ಲಿ ಒಬ್ಬ ಪಾರುಪತ್ಯಗಾರ ಸಾಲಗಾರರನ್ನು ಕರೆದು ‘ನನ್ನ ಒಡೆಯನಿಗೆ ನೀನು ಎಷ್ಟು ಕೊಡಬೇಕು?’ ಅಂತ ಕೇಳುತ್ತಾನೆ. ಆ ‘ಕೊಡಬೇಕು’ ಅನ್ನುವ ಕಡೆ ಇರುವುದು ಇದೇ ಶ್ಯಾಲ್‌ನ ಹಳೆಯ ರೂಪ. ಜರ್ಮನ್ ಭಾಷೆ ಇಂಗ್ಲಿಷಿನ ದಾಯಾದಿ. ಅಲ್ಲಿ ‘ಶುಲ್ಟ್’ ಅಂದರೆ ಸಾಲ, ತಪ್ಪು ಅಂತಲೂ ಹೌದು. ಅದೂ ಇದೇ ಬೇರಿನದು. ಸಾಲದಿಂದ ಕರ್ತವ್ಯದ ಅರ್ಥ ಬಂತು, ಕರ್ತವ್ಯದಿಂದ ‘ಮುಂದೆ ಆಗುವುದು’ ಅನ್ನುವ ಅರ್ಥ ಬಂತು. ‘ವಿಲ್’ ಹಾಗಲ್ಲ. ಅದರ ಬೇರು ಇಚ್ಛೆ, ಬಯಕೆ.

ಹಾಗಾದರೆ ‘ಶ್ಯಾಲ್ ಐ’ ಅಂತ ನಿಂತವನು ‘ನನಗೆ ಇಷ್ಟ ಇದೆಯಾ’ ಅಂತ ಕೇಳುತ್ತಿಲ್ಲ. ಇಷ್ಟ ಏನು ಅನ್ನುವುದು ಅವನಿಗೆ ಬಹುಶಃ ಗೊತ್ತು. ‘ನಾನು ಇದನ್ನು ಮಾಡತಕ್ಕದ್ದಾ?’ ಅಂತ ಕೇಳುತ್ತಿದ್ದಾನೆ. 1700ರಲ್ಲಿ ಮಾತಾಡಿದವರಿಗೆ ಸಾಲದ ಅರ್ಥ ನೆನಪಿರಲಿಲ್ಲ, ನಿಜ. ಆದರೆ ಪದದ ಒಳಗೆ ಅದರ ಕಾವು ಪೂರ್ತಿ ಆರಿರಲಿಲ್ಲ.

‘ತಕ್ಕದ್ದು’ ಅಂತ ಬೇಕೆಂದೇ ಹೇಳಿದೆ. ಕಾನೂನಿನ ಕನ್ನಡ ಓದಿದವರಿಗೆ ಈ ಪದ ಚೆನ್ನಾಗಿ ಗೊತ್ತು. ಮಾಡತಕ್ಕದ್ದು, ಸಲ್ಲಿಸತಕ್ಕದ್ದು, ಮಾಡತಕ್ಕದ್ದಲ್ಲ. ಇಂಗ್ಲಿಷ್ ಕಾನೂನಿನ ‘ಶ್ಯಾಲ್’ಗೆ ನಮ್ಮ ಅನುವಾದಕರು ಕಂಡುಕೊಂಡ ಪದ ಅದು. ನಮ್ಮ ಸಂವಿಧಾನದ ಇಂಗ್ಲಿಷ್ ಪಠ್ಯ ತೆಗೆದು ನೋಡಿ, ಪುಟಪುಟದಲ್ಲೂ ಶ್ಯಾಲ್. 14ನೇ ವಿಧಿ ಕಾನೂನಿನ ಮುಂದೆ ಎಲ್ಲರೂ ಸಮ ಅನ್ನುತ್ತದೆ. ಸರ್ಕಾರ ಯಾರಿಗೂ ಆ ಸಮಾನತೆಯನ್ನು ‘ಶ್ಯಾಲ್ ನಾಟ್ ಡಿನೈ’, ನಿರಾಕರಿಸತಕ್ಕದ್ದಲ್ಲ. ಅಲುಗಾಡದ ಮಾತು. ಇಷ್ಟು ಗಟ್ಟಿಯಾದ ಇನ್ನೊಂದು ಪದ ಇಂಗ್ಲಿಷಿನಲ್ಲಿ ಸಿಗುವುದು ಕಷ್ಟ. ಅದೇ ಪದದ ಮುಂದೆ ಒಂದು ಪ್ರಶ್ನೆ ಚಿಹ್ನೆ ಇಟ್ಟು ಎರಡು ಸಲ ಹೇಳಿದರೆ ಶಿಲ್ಲಿ-ಶ್ಯಾಲಿ. ಅಲುಗಾಟಕ್ಕೇ ಇನ್ನೊಂದು ಹೆಸರು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇಚ್ಛೆಯ ‘ವಿಲ್’ನಿಂದಲೂ ಒಂದು ಜೋಡಿ ಪದ ಹುಟ್ಟಿದೆ, ‘ವಿಲ್ಲಿ-ನಿಲ್ಲಿ’. ‘ನಿಲ್’ ಅಂದರೆ ಹಳೆಯ ಇಂಗ್ಲಿಷಿನಲ್ಲಿ ಇಷ್ಟ ಇಲ್ಲ ಅಂತ. ಇಷ್ಟ ಇರಲಿ, ಇಲ್ಲದಿರಲಿ, ಆಗುವುದು ಆಗಿಯೇ ಆಗುತ್ತದೆ ಅನ್ನುವುದು ಅದರ ಮೂಲ ಅರ್ಥ. ಈಗ ಹೇಗೆಂದರೆ ಹಾಗೆ, ಕ್ರಮ ಇಲ್ಲದೆ ಅನ್ನುವ ಅರ್ಥದಲ್ಲೇ ಜಾಸ್ತಿ ಬಳಸುತ್ತಾರೆ.

ಮಾತಿನ ನಡುವೆ ಮುಂದಿನ ಸಾಲಿನಲ್ಲಿ ಕೂತ ಅಜ್ಜ ಒಬ್ಬರು ಕೈ ಎತ್ತಿದರು. ‘ಅಮ್ಮಾ, ನಮ್ಮ ಮೀನ ಮೇಷ ಇದ್ದ ಹಾಗೆ ಅಂದ್ರಲ್ಲ. ಎರಡೂ ಒಂದೇ ತೂಕದ ಪದವಾ?’ ಅಂತ ಕೇಳಿದರು. ಅಲ್ಲಿ ಹೇಳಿದ್ದನ್ನು ಇಲ್ಲೂ ಬರೆಯುತ್ತೇನೆ. ಮೀನ ಹನ್ನೆರಡನೆಯ ರಾಶಿ, ಮೇಷ ಮೊದಲನೆಯದು. ಎಣಿಸುತ್ತಾ ಮೀನಕ್ಕೆ ಬಂದರೆ ಮುಂದಿನದು ಮತ್ತೆ ಮೇಷ. ಚಕ್ರ ಮುಗಿಯುವುದೇ ಇಲ್ಲ. ಎಷ್ಟು ಒಳ್ಳೆಯ ಚಿತ್ರ! ಹಿಂದಿಯಲ್ಲೂ ಈ ಎರಡು ರಾಶಿ ಜೋಡಿಯಾಗಿ ಬರುತ್ತವೆ, ‘ಮೀನ್-ಮೇಖ್’ ಅಂತ. ಅಲ್ಲಿ ಅದಕ್ಕೆ ಹುಳುಕು ಹುಡುಕುವುದು ಅಂತ ಅರ್ಥ. ನಮ್ಮಲ್ಲಿ ತೀರ್ಮಾನ ಮುಂದೂಡುವುದು. ಆದರೆ ಮೀನ ಮೇಷ ಎಣಿಸುವವನು ಹೊರಗಿನ ಒಪ್ಪಿಗೆಗೆ ಕಾಯುತ್ತಿದ್ದಾನೆ. ಗ್ರಹ ಕೂಡಿ ಬರಲಿ, ಮುಹೂರ್ತ ಬರಲಿ ಅಂತ. ಶಿಲ್ಲಿ-ಶ್ಯಾಲಿಯವನಿಗೆ ಆ ಆಸರೆಯೂ ಇಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಇನ್ನೊಬ್ಬರ ಮನೆಯಿಂದ ಹೊರಡುವಾಗ ಏನು ಹೇಳುತ್ತೇವೆ? ‘ಬರ್ಲಾ?’ ಅದೂ ಪ್ರಶ್ನೆಯೇ. ಆದರೆ ಕೇಳುವುದು ಎದುರಿಗೆ ಇರುವವರನ್ನು. ‘ಹೂಂ, ಹೋಗ್ಬಿಟ್ಟು ಬನ್ನಿ’ ಅಂತ ಅವರು ಅಂದರೆ ಮುಗಿಯಿತು, ಚಪ್ಪಲಿ ಮೆಟ್ಟುತ್ತೇವೆ. ‘ಶ್ಯಾಲ್ ಐ’ ಕೂಡ ಹುಟ್ಟಿನಿಂದ ಅಂಥ ಪ್ರಶ್ನೆ. ಬಾಗಿಲು ತೆಗೆಯಲಾ? ದೀಪ ಹಾಕಲಾ? ಎದುರಿಗೆ ಒಬ್ಬರು ಇರಬೇಕು, ಅವರು ಹೂಂ ಅಥವಾ ಬೇಡ ಅನ್ನಬೇಕು. ಶಿಲ್ಲಿ-ಶ್ಯಾಲಿಯಲ್ಲಿ ಎದುರಿಗೆ ಯಾರೂ ಇಲ್ಲ. ಕೇಳುವವನೂ ಅವನೇ, ಒಪ್ಪಿಗೆ ಕೊಡಬೇಕಾದವನೂ ಅವನೇ. ಒಂದು ಸಲ ಕೇಳಿದ. ಉತ್ತರ ಬರಲಿಲ್ಲ. ಅದಕ್ಕೇ ಎರಡನೆಯ ಸಲ ಕೇಳಿದ. ಪದ ಜೋಡಿಯಾದದ್ದು ಹೀಗೆ ಅಂತ ನನಗೆ ಅನಿಸುತ್ತದೆ. ನಾಲಿಗೆಯ ಆಟ ಇದ್ದೇ ಇದೆ. ಅದರ ಹಿಂದೆ ಉತ್ತರ ಸಿಗದ ಒಂದು ಗಳಿಗೆಯೂ ಇದೆ.

ಅದಕ್ಕೇ ಈ ಪದವನ್ನು ಬೈಗುಳದ ಹಾಗೆ ಬಳಸಿದಾಗ ನನಗೆ ಸಂಕಟ. ಇಮೇಲಿನಲ್ಲಿ ಬರೆದವರಿಗೆ ಕೆಲಸದ ಅವಸರ ಇರಬಹುದು, ಸರಿ. ಆದರೆ ಕಾಲೇಜಿನಲ್ಲಿ ಯಾವ ಕೋರ್ಸು ತಗೊಳ್ಳಲಿ ಅಂತ ಅಳುತ್ತಾ ನನ್ನ ಮುಂದೆ ಕೂತ ಹುಡುಗಿಯರನ್ನು ನೋಡಿದ್ದೇನೆ. ಊರಿನ ಜಮೀನು ಮಾರಲಾ ಬೇಡ್ವಾ ಅಂತ ಎರಡು ವರ್ಷ ನಿದ್ದೆ ಬಿಟ್ಟ ನನ್ನ ಅಣ್ಣನನ್ನು ನೋಡಿದ್ದೇನೆ. ಅವರು ಯಾರೂ ಸೋಮಾರಿಗಳಾಗಿರಲಿಲ್ಲ. ಅವರ ಪ್ರಶ್ನೆಯಲ್ಲಿ ‘ತಕ್ಕದ್ದಾ’ ಅನ್ನುವುದು ಇತ್ತು. ಅಪ್ಪನಿಗೆ ಏನು ಸಲ್ಲಬೇಕು, ಮಕ್ಕಳಿಗೆ ಏನು ಸಲ್ಲಬೇಕು, ನೆಲಕ್ಕೆ ಏನು ಸಲ್ಲಬೇಕು. ಹಳೆಯ ಶ್ಯಾಲ್‌ನ ಲೆಕ್ಕ ಅದೇ.

ಈಗ ಇಂಗ್ಲಿಷಿನಲ್ಲಿ ಶ್ಯಾಲ್ ಬಳಕೆ ಕಡಿಮೆ ಆಗುತ್ತಾ ಇದೆ. ಅಮೆರಿಕದವರು ಹೆಚ್ಚಾಗಿ ‘ಶುಡ್ ಐ’ ಅನ್ನುತ್ತಾರೆ. ಸರಳ ಭಾಷೆಯಲ್ಲಿ ಕಾನೂನು ಬರೆಯಬೇಕು ಅನ್ನುವವರು ಅಲ್ಲಿಂದಲೂ ಅದನ್ನು ತೆಗೆಯುತ್ತಿದ್ದಾರೆ. ನನ್ನ ಮೊಮ್ಮಗಳ ಬಾಯಲ್ಲಿ ‘ಐ ಶ್ಯಾಲ್’ ಅನ್ನುವುದನ್ನು ಒಂದು ದಿನವೂ ಕೇಳಿಲ್ಲ. ತಾಯಿಬೇರು ಒಣಗುತ್ತಿದೆ, ಶಿಲ್ಲಿ-ಶ್ಯಾಲಿ ಮಾತ್ರ ಲಂಡನ್ನಿನಿಂದ ಬೆಂಗಳೂರಿಗೆ ಇಮೇಲಿನಲ್ಲಿ ಬರುತ್ತಿದೆ.

ಸರ್ ವಿಲ್ಫುಲ್ ಏನಾದ ಅಂತ ಹೇಳದೆ ಕೂತರೆ ನೀವು ಬಿಡುವುದಿಲ್ಲ ಅಂತ ಗೊತ್ತು. ನಾಟಕದ ಕೊನೆಯ ಅಂಕದಲ್ಲಿ ಅವನಿಗೂ ಮಿಲಮಂಟಳಿಗೂ ಮದುವೆ ಅಂತ ಎಲ್ಲ ಗೊತ್ತಾಗಿರುತ್ತದೆ. ಆದರೆ ಅವಳ ಮನಸ್ಸು ಮಿರಾಬೆಲ್ ಅನ್ನುವವನ ಮೇಲೆ. ಎಲ್ಲರೂ ಎಲ್ಲರ ಮೇಲೂ ಏನೇನೋ ಹೂಡಿ, ಕಾಗದ ಪತ್ರ ತೋರಿಸಿ, ಕೂಗಾಡುತ್ತಿರುತ್ತಾರೆ. ಆಗ ಈ ಹಳ್ಳಿಯ ಮನುಷ್ಯ ಅತ್ತೆಯ ಕಡೆ ತಿರುಗುತ್ತಾನೆ. ಯಾರನ್ನೂ ಕೇಳುವುದಿಲ್ಲ. ನನಗೆ ಮದುವೆಯ ಮನಸ್ಸಿಲ್ಲ ಅತ್ತೆ, ಅವನಿಗೆ ಅವಳು ಇಷ್ಟ, ಅವಳಿಗೆ ಅವನು ಇಷ್ಟ, ಇಬ್ಬರೂ ಒಬ್ಬರಿಗೊಬ್ಬರು ತಕ್ಕವರು ಅನ್ನುತ್ತಾನೆ. ಆಮೇಲೆ ತನ್ನ ವಿಷಯಕ್ಕೆ ಬರುತ್ತಾನೆ: ‘ನಾನು ಪರದೇಶ ನೋಡಬೇಕು ಅಂತ ತೀರ್ಮಾನ ಮಾಡಿದ್ದೇನೆ. ಮನಸ್ಸು ಮಾಡಿದ್ದಾಯಿತು. ಮನಸ್ಸು ಮಾಡಿದೆ ಅಂದರೆ ನಾನು ಮಾಡಲೇಬೇಕು.’